ಎಣ್ಣೆ ಹಾಕಿದ ತಾರೀಖು

ಶನಿವಾರ ಬಂತೆಂದರೆ ನಮ್ಮ ಅವ್ವ ಯಲ್ಲಮ್ಮ ಎರಡು ಮನೆಯ ಚಹಾ ಕಾಸುತ್ತಿದ್ದಳು. ಪಕ್ಕದ ಮನೆಯ ಮಿಲ್ಕಾಬಾಯಿ ಆ ದಿನ ಒಲೆ ಹಚ್ಚುತ್ತಿರಲಿಲ್ಲ. ಯಾಕೆಂದು ಅವ್ವ ಕೇಳಿರಲಿಲ್ಲ. ಮಿಲ್ಕಾಬಾಯಿಯ ಗಂಡ ಏಲೋಜಿ ಝಿರಾಡಕರ ಮೊದಲ ಸಲ ಪರಿಚಯ ಹೇಳಿಕೊಂಡಾಗ, ತಮ್ಮದು ‘ಶನಿವಾರ ತೇಲಿ’ ಜಾತಿ, ಹಿರಿಯರು ಕೊಂಕಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದ್ದರು. ನಾವು ಗದಗಿನ ಕಡೆಯ ಗಾಣಿಗರು. ಅವ್ವನಿಗೆ ಅಷ್ಟು ಸಾಕಾಯಿತು.

“ನಾವು ಗಾಣಿಗೇರು, ಅವರು ತೇಲಿ. ಮಾತು ಬ್ಯಾರೆ, ಗಾಣ ಒಂದ,” ಎಂದು ತೀರ್ಮಾನ ಕೊಟ್ಟುಬಿಟ್ಟಳು.

ಶನಿದೇವರಿಗೆ ಎಣ್ಣೆ ಏರಿಸುವ ದಿನ ಗಾಣ ನಿಲ್ಲಿಸುವುದು ಅವಳಿಗೆ ಸಹಜವಾಗಿಯೇ ಕಂಡಿತು. ಅವರು ಹರಕೆಗೆ ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲಸಿ ‘ಮಲಿದಾ’ ಎಂದು ಕಳಿಸಿದರೆ, ಇದು ನಮ್ಮ ಸಿಹಿ ಮಾದಲಿಯ ತಂಗಿ ಎನ್ನುತ್ತ ದೇವರ ಮುಂದಿಟ್ಟು ನಮಗೆ ಹಂಚುತ್ತಿದ್ದಳು. ನಾಗಪುರದ ಅಜನಿ ಕಡೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂಬತ್ತು ವರ್ಷ ಹೀಗೇ ನಡೆಯಿತು.

ನನ್ನ ಅಣ್ಣ ಭೀಮಪ್ಪನಿಗೆ ಗೂಡ್ಸ್ ಡಬ್ಬಿಗಳನ್ನು ಪರೀಕ್ಷಿಸುವ ಕೆಲಸ. ಏಲೋಜಿ ಅದೇ ಯಾರ್ಡಿನಲ್ಲಿ ಬಡಗಿ. ಅಣ್ಣ ಸೀಮೆಸುಣ್ಣದಿಂದ ಗುರುತು ಹಾಕಿದ ಮುರುಕು ಬಾಗಿಲುಗಳನ್ನು ಏಲೋಜಿ ಸರಿಮಾಡುತ್ತಿದ್ದರು. ನಾನು, ಉಮಾಕಾಂತ, ಪ್ರಾಥಮಿಕ ಶಾಲೆಯ ಮಾಸ್ತರ, ಮನೆಯಲ್ಲಿ ಮ್ಯಾಟ್ರಿಕ್ ದಾಟಿದ ಒಬ್ಬನೇ ಪ್ರಾಣಿ. ಅಣ್ಣ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಈ ವ್ಯತ್ಯಾಸವನ್ನು ನಾನು ಒಂದು ದಿನವೂ ಮರೆತಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಹೆಂಡದ ಚಟವನ್ನು ಊರೆಲ್ಲ ಬೈಯುತ್ತದೆ. ಕಿವಿಗೆ ಬಿದ್ದದ್ದಕ್ಕೆ ಉಪ್ಪುಖಾರ ಹಚ್ಚಿ ಮುಂದಿನ ಮನೆಗೆ ದಾಟಿಸುವ ಚಟವನ್ನು ಬೈಯುವವರನ್ನು ನಾನು ಕಂಡಿಲ್ಲ. ನಮ್ಮ ಕನ್ನಡ ಸಂಘದಲ್ಲಿ ಅದಕ್ಕೆ ‘ವಿಚಾರ ವಿನಿಮಯ’ ಎಂಬ ದೊಡ್ಡ ಹೆಸರಿತ್ತು. ಪ್ರತಿ ಗುರುವಾರ ಸಂಜೆ ನಮ್ಮ ಕಾಕಾ ಶಂಕರಪ್ಪನ ಅಧ್ಯಕ್ಷತೆಯಲ್ಲಿ ಅದು ನಡೆಯುತ್ತಿತ್ತು.

ಐವತ್ತಾರನೆಯ ಇಸವಿಯ ನವೆಂಬರ್. ಕನ್ನಡ ನಾಡು ಒಂದಾಯಿತೆಂದು ಸಂಘದಲ್ಲಿ ಪೇಡೆ ಹಂಚಿ ಎರಡು ವಾರವಾಗಿತ್ತು. ರೇಡಿಯೋದ ತುಂಬ ಸುಯೆಜ್ ಕಾಲುವೆಯ ಯುದ್ಧ. ಇಸ್ರೇಲು, ಬ್ರಿಟನ್ನು, ಫ್ರಾನ್ಸು ಸೇರಿ ಈಜಿಪ್ತಿನ ಮೇಲೆ ಬಿದ್ದದ್ದು ಅನ್ಯಾಯವೆಂದು ದೇಶವೇ ಹೇಳಿತು, ನಾವೂ ಹೇಳಿದೆವು. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಒಂದು ಜೀವ ಉಳಿಯುತ್ತಿತ್ತು. ಕಾಕಾ ಇತವಾರಿ ಪೇಟೆಯ ಯಾರೋ ಪರಿಚಯದವನಿಂದ ಸಿನಿಮಾ ಯಂತ್ರವನ್ನೂ ಯುದ್ಧದ ಒಂದು ರೀಲನ್ನೂ ತಂದ. ರೀಲಿಗೆ ದನಿಯಿರಲಿಲ್ಲ. ಜೊತೆಗೆ ಹಿಂದಿಯಲ್ಲಿ ಬರೆದ ಎರಡು ಹಾಳೆಗಳಿದ್ದವು. ಚಿತ್ರ ಓಡುವಾಗ ಅದನ್ನು ಕನ್ನಡ, ಮರಾಠಿ ಎರಡರಲ್ಲೂ ಹೇಳಲು ಮಾಸ್ತರನೇ ಬೇಕೆಂದ. ಆ ಗುರುವಾರ ಸಂಜೆ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ.

ಪರದೆಯ ಮೇಲೆ ಸುಟ್ಟ ರೈಲೊಂದು ಕಂಡಿತು. ಇಳಿಜಾರಿನಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು, ಮಕ್ಕಳವೂ ಇದ್ದವು. ಯಾರೋ ಒಬ್ಬರು ಬಟ್ಟೆ ಸಾಲದೆ ಒಂದು ಕೂಸಿನ ಕಾಲನ್ನು ಹುಲ್ಲಿನಿಂದ ಮುಚ್ಚುತ್ತಿದ್ದರು. ನಾನು ಹಾಳೆ ನೋಡಿ ಹೇಳಿದೆ: ಇದು ಈಜಿಪ್ತ, ಯಹೂದಿಗಳು ಸುಟ್ಟ ಗಾಡಿ, ಲೋಕದ ಯುದ್ಧಗಳನ್ನೆಲ್ಲ ಗುಟ್ಟಾಗಿ ಹೂಡುವವರು ಅವರೇ. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನಗೆ ಹುರುಪೇರಿತು. ನೀರಿಗೆ ವಿಷ ಬೆರೆಸುವುದೂ ಅವರ ಹಳೆಯ ಕಸುಬು ಎಂದೆ. ಅದು ಹಾಳೆಯಲ್ಲಿರಲಿಲ್ಲ. ಆ ಹಸಿ ಸುಳ್ಳನ್ನು ಎಲ್ಲಿಯೋ ಓದಿದ್ದೆ, ನಾಲಿಗೆಗೆ ಬಂತು, ಬಿಟ್ಟೆ.

ಯಹೂದಿ ಎಂದರೆ ಯಾರು, ನಾವಂತೂ ಕಂಡಿಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಶಾಲೆಯ ಪುಸ್ತಕವೊಂದರಲ್ಲಿ ಓದಿದ್ದೆ: ಶನಿವಾರ ಯಹೂದಿಗಳ ದೇವರ ದಿನ, ಅಂದು ಅವರು ಬೆಂಕಿ ಹಚ್ಚುವುದಿಲ್ಲ, ದುಡಿಯುವುದಿಲ್ಲ.

“ಕಂಡೀರಿ, ಗುರುತಿಲ್ಲ ಅಷ್ಟ,” ಎಂದೆ. “ಶನಿವಾರ ತೇಲಿ ಅಂದ್ರ ಅವರ. ಶನಿವಾರ ಯಾರ ಮನ್ಯಾಗ ಹೊಗಿ ಏಳಂಗಿಲ್ಲೋ ನೋಡಕೋರಿ.”

ಏಲೋಜಿಯವರ ಮೇಲೆ ನನಗೆ ಹಗೆಯಿತ್ತೇ? ಎಳ್ಳಷ್ಟೂ ಇಲ್ಲ. ಅವರು ಮಾಡಿಕೊಟ್ಟ ಮೇಜಿನ ಮೇಲೆಯೇ ನಾನು ಮಕ್ಕಳ ಪಾಟಿ ತಿದ್ದುತ್ತಿದ್ದೆ. ಮಾಸ್ತರನಿಗೆ ಎಷ್ಟು ಗೊತ್ತಲ್ಲ ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ, ಅಷ್ಟೇ. ಅಂದರು ಕೂಡ. ಕಾಕಾ ಬೆನ್ನು ತಟ್ಟಿದ. ಅವ್ವ ಮಾತ್ರ ಎದ್ದು ಮನೆಗೆ ಹೋದಳು.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಲ್ಲಿಸಿಕೊಂಡ. ಆ ಗಾಡಿ ಈಜಿಪ್ತದ್ದಲ್ಲ, ನಮ್ಮ ದೇಶದ್ದು ಎಂದ. ಡಬ್ಬಿಯ ಗಾಲಿಗೆ ಎಣ್ಣೆ ಹಾಕಿದಾಗಲೆಲ್ಲ ಆ ತಾರೀಖನ್ನೂ ಕಾರ್ಖಾನೆಯ ಗುರುತಕ್ಷರಗಳನ್ನೂ ಡಬ್ಬಿಯ ಮೈಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ದಿನವೂ ಅದನ್ನು ಓದುವುದೇ ಅವನ ಕೆಲಸ. ಪರದೆಯ ಮೇಲೆ ಮಸಿ ಹತ್ತದ ಒಂದು ಮೂಲೆಯಲ್ಲಿ ಅವನಿಗೆ ಅದು ಕಂಡಿತ್ತು: ಬಂಗಾಲದ ಕಡೆಯ ಕಾರ್ಖಾನೆಯ ಗುರುತಕ್ಷರ, ನಲವತ್ಮೂರನೆಯ ಇಸವಿಯ ಮಾರ್ಚ್. ಹದಿಮೂರು ವರ್ಷದ ಹಿಂದಿನ ಮಾತು. ಆಗ ಆ ಕಡೆ ರೈಲಿನ ಮೇಲೆ ಬಾಂಬು ಹಾಕುತ್ತಿದ್ದವರು ಜಪಾನಿನವರು. ನಾನು ನಕ್ಕು, ಊಟಕ್ಕೆ ಏಳು ಎಂದೆ.

ಮರುದಿನ ಅವನು ಕಾಕಾನ ಮನೆಗೆ ಹೋದ. ರೀಲನ್ನು ಇನ್ನೊಮ್ಮೆ ತೋರಿಸು, ತಪ್ಪಿದ್ದರೆ ಸುಮ್ಮನಾಗುತ್ತೇನೆ ಎಂದು ಕೇಳಿದ. ನಾನೂ ಅಲ್ಲೇ ಕೂತಿದ್ದೆ.

“ಮೂರನೇ ಇಯತ್ತೆ ಕಲ್ತವಗ ಈಜಿಪ್ತ ಎಲ್ಲೈತಿ ಗೊತ್ತೈತೇನು?” ಎಂದ ಕಾಕಾ. “ಊರ ಮಂದಿ ಕಣ್ಣಾರೆ ಕಂಡದ್ದು ಸುಳ್ಳಂತಿ. ಡಬ್ಬಿ ಮ್ಯಾಲಿನ ಬಣ್ಣ ಖರೇ ಅಂತಿ.”

“ಕಾಕಾ, ಆ ತಾರೀಖ ತಪ್ಪಿದ್ರ ಗಾಲಿ ಕಾಯ್ದು ಗಾಡಿಗೆ ಬೆಂಕಿ ಹತ್ತತೈತಿ. ಅದಕ್ಕ ಅದನ್ನ ಯಾರೂ ಸುಳ್ಳ ಬರಿಯಂಗಿಲ್ಲ. ನಿಮ್ಮ ಹಾಳಿ ಬರದವರು ಯಾರು? ಅವರ ಹೆಸರಾದ್ರೂ ಐತೇನು ಅದರಾಗ?”

ಹಾಳೆಯಲ್ಲಿ ಹೆಸರಿರಲಿಲ್ಲ. ದೊಡ್ಡವರ ಎದುರು ವಾದ ಮಾಡಬಾರದೆಂದು ಕಾಕಾ ಮಾತು ಮುಗಿಸಿದ. ನಾನು ಹೌದೆಂದು ತಲೆಯಾಡಿಸಿದೆ.

ಅದೇ ಶುಕ್ರವಾರ ಮಧ್ಯಾಹ್ನದಿಂದ ನಮ್ಮ ಸಾಲಿನ ನಾಲ್ಕು ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಶನಿವಾರ ಬೆಳಗಾಗುವಷ್ಟರಲ್ಲಿ ಮೈಸೂರಿನ ಕಡೆಯ ಗುಮಾಸ್ತ ವೇಣುಗೋಪಾಲನ ಐದು ವರ್ಷದ ಮಗಳು ತೀರಿಕೊಂಡಳು. ನೀರಿನಲ್ಲಿ ವಿಷ ಎಂಬ ಮಾತು ನಲ್ಲಿಯಿಂದ ನಲ್ಲಿಗೆ ಓಡಿತು. ಆ ಮಾತನ್ನು ಅವರ ಬಾಯಿಗೆ ಹಾಕಿದವನು ನಾನು.

ಒಂಬತ್ತು ಗಂಟೆಗೆ ಅರವತ್ತು ಎಪ್ಪತ್ತು ಮಂದಿ ಬಂದರು. ಮುಕ್ಕಾಲು ಪಾಲು ನಮ್ಮ ಸಂಘದವರು, ಉಳಿದವರು ಪೇಟೆಯಿಂದ ಸೇರಿಕೊಂಡವರು. ಕೈಯಲ್ಲಿ ಕಬ್ಬಿಣದ ಸರಳು, ಸೌದೆಯ ತುಂಡು. ಅವರೆಲ್ಲ ತಲೆಯೆತ್ತಿ ಹೆಂಚು ನೋಡುತ್ತ ಬರುತ್ತಿದ್ದರು. ಯಾರ ಮನೆಯ ಮೇಲೆ ಹೊಗೆಯಿಲ್ಲವೆಂದು ಹುಡುಕುತ್ತಿದ್ದರು. ಏಲೋಜಿಯವರ ಮನೆಯ ಮುಂದೆ ವೇಣುಗೋಪಾಲ ನಿಂತ. ಅವನ ಅಂಗಿಗೆ ಮಗಳ ವಾಂತಿ ಇನ್ನೂ ಅಂಟಿಕೊಂಡಿತ್ತು.

“ಮೇಷ್ಟ್ರೇ, ಇದೇ ಮನೆ ತಾನೆ?” ಎಂದು ಪಕ್ಕದ ನಮ್ಮ ಹೊಸ್ತಿಲ ಮೇಲೆ ನಿಂತಿದ್ದ ನನ್ನನ್ನು ಕೇಳಿದ.

ಅಲ್ಲ ಅನ್ನಬಹುದಿತ್ತು. ನಾನು ಹೇಳಿದ್ದು ಸುಳ್ಳು ಅನ್ನಬಹುದಿತ್ತು. ಹೆದರಿ ನೆಲ ನೋಡಿದೆ. ಅವರಿಗೆ ಅದೇ ಉತ್ತರವಾಯಿತು.

ಎರಡೇ ಏಟಿಗೆ ಬಾಗಿಲು ಮುರಿಯಿತು. ಏಲೋಜಿಯವರನ್ನು ಕಾಲು ಹಿಡಿದು ಹೊರಗೆ ಎಳೆದರು. ಹೊಸ್ತಿಲಿಗೆ ತಲೆ ಬಡಿದು ರಕ್ತ ಕಣ್ಣಿಗಿಳಿಯಿತು. ಒಬ್ಬ ಎದೆಯ ಮೇಲೆ ಮೊಣಕಾಲೂರಿ ವಿಷ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದ, ಇನ್ನೊಬ್ಬ ಅವರು ಉತ್ತರ ಹೇಳಲು ಬಾಯಿ ತೆರೆದಾಗಲೆಲ್ಲ ಬಾಯಿಗೇ ಹೊಡೆಯುತ್ತಿದ್ದ. ಹಲ್ಲು ಮುರಿದು ಅಂಗಳದಲ್ಲಿ ಬಿದ್ದವು. ಅಣ್ಣ ಓಡಿಹೋಗಿ ಅವರ ಮೇಲೆ ಕವುಚಿ ಬಿದ್ದ. ನಲವತ್ಮೂರು, ಮಾರ್ಚ್ ನಲವತ್ಮೂರು ಎಂದು ಕೂಗುತ್ತಿದ್ದ. ಅಲ್ಲಿ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ, ಗೊತ್ತಿದ್ದವನು ನಾನೊಬ್ಬನೇ. ಸರಳಿನ ಏಟಿಗೆ ಅವನ ದವಡೆ ಕಳಚಿತು. ಬೆನ್ನಿಗೆ ಬೂಟಿನಿಂದ ಒದ್ದು ಅವನನ್ನು ಪಕ್ಕಕ್ಕೆ ಉರುಳಿಸಿದರು. ಆಮೇಲೆ ಯಾರೋ ಒಳಗಿನಿಂದ ಏಲೋಜಿಯವರ ಬಾಚಿಯನ್ನೇ ತಂದರು, ಮರ ಕೆತ್ತುವ ಬಾಚಿಯನ್ನು. ಅದು ಎರಡು ಸಲ ಮೇಲೆದ್ದದ್ದನ್ನು ಕಂಡೆ. ಮೂರನೆಯ ಸಲಕ್ಕೆ ಕಣ್ಣು ಮುಚ್ಚಿದೆ, ಕಿವಿ ಮುಚ್ಚಲಾಗಲಿಲ್ಲ.

ಮಿಲ್ಕಾಬಾಯಿಯ ತುರುಬು ಹಿಡಿದು ಎಳೆಯುತ್ತಿದ್ದವನ ಮುಖಕ್ಕೆ ಅವ್ವ ಕುದಿಯುವ ಚಹಾದ ಪಾತ್ರೆಯನ್ನು ಎಸೆದಳು. ಅವನು ಅರಚುತ್ತ ಕೈಬಿಟ್ಟ. ಅವ್ವ ಆಕೆಯನ್ನು ನಮ್ಮ ಮನೆಯೊಳಗೆ ನೂಕಿ, ಒನಕೆ ಹಿಡಿದು ಹೊಸ್ತಿಲ ಮೇಲೆ ನಿಂತಳು. ನಾನೂ ಆ ಹೊಸ್ತಿಲ ಮೇಲೆಯೇ ಇದ್ದೆ. ಅವಳು ನನ್ನನ್ನು ಮೊಣಕೈಯಿಂದ ಆಚೆ ತಳ್ಳಿದಳು.

ಏಲೋಜಿ ಅಂಗಳದಲ್ಲೇ ಪ್ರಾಣ ಬಿಟ್ಟರು.

ಸೋಮವಾರ ಆರೋಗ್ಯ ಇಲಾಖೆಯವರು ಬಂದು ಅಗೆದು ನೋಡಿದರು. ನಲ್ಲಿಯ ಕೊಳವೆ ಒಡೆದು ಮೋರಿಯ ನೀರು ಒಳಸೇರುತ್ತಿತ್ತು. ಪೊಲೀಸರು ಬಂದರೆ ಎಲ್ಲರ ಬಾಯಿಗೂ ಬೀಗ. ಹೊರಗಿನ ಗೂಂಡಾಗಳು ಬಂದು ಹೊಡೆದರು, ನಾವು ಯಾರನ್ನೂ ಗುರುತಿಸಲಿಲ್ಲ ಎಂದು ಕಾಕಾ ಒಂದು ಹೇಳಿಕೆ ಬರೆಸಿ ಮನೆಮನೆಗೆ ಸಹಿ ಹಾಕಿಸಿದ. ನನ್ನ ಮುಂದೆಯೂ ಹಿಡಿದ. ಮನೆಯ ಮರ್ಯಾದೆ, ಸಂಘದ ಹೆಸರು, ನನ್ನ ನೌಕರಿ ಎಲ್ಲವನ್ನೂ ನೆನಪಿಸಿದ. ಸಹಿ ಹಾಕುವುದಿಲ್ಲ, ಆ ರೀಲು ಕೊಡು, ಅಣ್ಣ ಹೇಳಿದ ತಾರೀಖು ನೋಡಬೇಕು ಎಂದೆ. ಕೊಡದಿದ್ದರೆ ಪೊಲೀಸರನ್ನೇ ಕರೆತರುತ್ತೇನೆ ಎಂದಾಗ ರೀಲಿನ ಡಬ್ಬ ಹೊರಗೆ ಬಂತು.

ಅಣ್ಣನ ಬಾಯಿಗೆ ಆಸ್ಪತ್ರೆಯಲ್ಲಿ ತಂತಿ ಕಟ್ಟಿದ್ದರು. ಅವನ ಹಾಸಿಗೆಯ ಮೇಲೆ ರೀಲು ಬಿಚ್ಚಿದೆವು. ಅವನು ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತ ಹೋಗಿ ಒಂದರ ಮೇಲೆ ಉಗುರಿಟ್ಟ. ಆ ತುಂಡನ್ನು ಕತ್ತರಿಸಿಕೊಂಡು ಬಂದು ಹಗಲು ಬೆಳಕಿನಲ್ಲಿ ನಲ್ಲಿಯ ಹತ್ತಿರ ನಿಂತೆ. ಭೂತಗನ್ನಡಿ ಹಿಡಿದು ನೋಡಿ ಎಂದೆ. ಕೆಲವರು ಬಾಗಿಲು ಹಾಕಿಕೊಂಡರು, ಕಾಕಾ ಬೆನ್ನು ತಿರುಗಿಸಿದ. ಆದರೂ ಮೂವತ್ತು ನಲವತ್ತು ಜನ ಒಬ್ಬೊಬ್ಬರಾಗಿ ಬಂದು ನೋಡಿದರು. ವೇಣುಗೋಪಾಲ ತುಂಬ ಹೊತ್ತು ನೋಡಿದ. ಅಂಕಿಗಳನ್ನು ತಾನೇ ಬಾಯಿಬಿಟ್ಟು ಓದಿ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತ.

ನನಗೆ ಎದೆ ಹಗುರವಾದಂತಾಯಿತು. ಅದೇ ತುಂಡನ್ನು ಹಿಡಿದು ಮಿಲ್ಕಾಬಾಯಿಯ ಹತ್ತಿರ ಹೋದೆ. ಆಕೆ ಮುಂಬಯಿಗೆ ಹೊರಡಲು ಅವ್ವನ ಜೊತೆ ಪಾತ್ರೆ ಕಟ್ಟುತ್ತಿದ್ದರು. ಎಲ್ಲವನ್ನೂ ಬಿಡಿಸಿ ಹೇಳಿದೆ. ಗಾಡಿ ಈಜಿಪ್ತದ್ದಲ್ಲ, ಸುಟ್ಟವರು ನಿಮ್ಮವರಲ್ಲ, ಇಡೀ ಸಾಲಿಗೆ ಈಗ ಗೊತ್ತಾಗಿದೆ ಎಂದೆ. ಆಕೆ ತುಂಡನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮರಾಠಿಯಲ್ಲಿ, ದನಿ ಏರಿಸದೆ ಕೇಳಿದರು.

“ಮಾಸ್ತರ, ಆ ಗಾಡಿ ಈಜಿಪ್ತದ್ದೇ ಆಗಿದ್ದರೆ? ಆಗ ನಮ್ಮ ಮನೆಯವರನ್ನು ಕೊಲ್ಲಬಹುದಾಗಿತ್ತೇ?”

ಓದುಗರೇ, ತಾರೀಖು ಹುಡುಕಿದ್ದು ಅಣ್ಣನ ದೊಡ್ಡತನ. ಈ ಪ್ರಶ್ನೆ ಗುರುವಾರ ಸಂಜೆಯೇ ನನಗೆ ಹೊಳೆಯಬೇಕಾಗಿತ್ತು. ಹೊಳೆಯುವುದಕ್ಕೆ ಮ್ಯಾಟ್ರಿಕ್ ಕೂಡ ಬೇಕಿರಲಿಲ್ಲ. ಅಲ್ಲಿಂದ ಹೊರಬಿದ್ದು ನೇರ ಠಾಣೆಗೆ ಹೋದೆ. ಜಮಾದಾರ ನಾನು ಹೇಳಿದ್ದನ್ನೆಲ್ಲ ಕೇಳಿ ಕಾಗದ ತೆಗೆದು, ರೀಲಿನ ವಿಷಯದಿಂದ ಶುರುಮಾಡಲೇ ಎಂದು ಕೇಳಿದ. ಬೇಡ ಎಂದೆ. ಮೊದಲು ನನ್ನ ಹೆಸರು ಬರೆಯಿರಿ, ಅದರ ಮುಂದೆ ಮನೆ ತೋರಿಸಿಕೊಟ್ಟವನು ಇವನೇ ಎಂದು ಬರೆಯಿರಿ ಎಂದೆ.