ಕಲ್ಲು ಹೊತ್ತವನು ಮಲಗಲೇಬೇಕು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಇಪ್ಪತ್ತೆಂಟು ವರ್ಷ ಮಂಡಿಯೂರಿ ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಕೊನೆಗೆ ಮಂಡಿಯೇ ಹೋಯಿತು. ಆಪರೇಷನ್ ಮಾಡಿದ ಡಾಕ್ಟರು ಆರು ತಿಂಗಳು ಕೂತಿರಿ ಎಂದರು. ಕೂತು ಅಭ್ಯಾಸವಿದ್ದರೆ ತಾನೇ? ಮನೆಯವರ ಪ್ರಾಣ ತಿನ್ನತೊಡಗಿದೆ. ನನ್ನ ಕಾಟ ತಾಳಲಾರದೆ ತಂಗಿಯ ಮಗಳು ಒಂದು ಆಟದ ಡಬ್ಬಿ ತಂದು ಎದುರಿಗಿಟ್ಟಳು.

ರಟ್ಟಿನ ಹಲಗೆಯ ಮೇಲೆ ಊರು ಕಟ್ಟುವ ಆಟ. ಒಬ್ಬೊಬ್ಬರಿಗೂ ಐದು ಮರದ ಆಳುಗಳು. ಸರದಿ ಬಂದಾಗ ಒಂದು ಆಳನ್ನು ಗಣಿಯಲ್ಲಿಟ್ಟರೆ ಕಲ್ಲು ಸಿಗುತ್ತದೆ, ಸುಡುವ ಗೂಡಿನಲ್ಲಿಟ್ಟರೆ ಇಟ್ಟಿಗೆ. ನೀವು ಹಿಡಿದ ಜಾಗ ಆ ಸುತ್ತಿನಲ್ಲಿ ಬೇರೆಯವರಿಗಿಲ್ಲ.

"ಆಟ ಚೆನ್ನಾಗಿದೆ ಕಣೇ. ಆದ್ರೆ ಇದನ್ನ ಮಾಡಿದವನು ಜನ್ಮದಲ್ಲಿ ಒಂದು ಕಲ್ಲು ಎತ್ತಿಲ್ಲ," ಎಂದೆ.

"ಹಾಗಾದ್ರೆ ನೀನೇ ಒಂದು ಮಾಡು ದೊಡ್ಡಮ್ಮ!"

ಮಾಡಿಯೇಬಿಟ್ಟೆ. ಸಾವಿರಾರು ವರ್ಷದ ಹಿಂದಿನ ರೋಮ್ ನಗರ: ಕಮಾನುಗಳು, ಸ್ನಾನಗೃಹ, ಬೆಟ್ಟದಿಂದ ಊರಿಗೆ ನೀರು ತರುವ ಎತ್ತರದ ಕಾಲುವೆ. ಚಿತ್ರವೆಲ್ಲ ಅವಳದು. ಬೋರ್ಡು ಬರೆಯುವ ಅಂಗಡಿಯಲ್ಲಿ ದಿನವಿಡೀ ದುಡಿದು ಬಂದು, ಎಂಟು ತಿಂಗಳು ಒಂದೊಂದೇ ಇಟ್ಟಿಗೆ ಬರೆದಳು. ನಿಯಮಗಳೆಲ್ಲ ನನ್ನವು. ಅವುಗಳಲ್ಲಿ ಒಂದನ್ನು ಯಾರ ಆಟದಲ್ಲೂ ನಾನು ನೋಡಿರಲಿಲ್ಲ. ಗಣಿಯಲ್ಲಿ ಕಲ್ಲು ಹೊತ್ತ ಆಳು ಮುಂದಿನ ಸುತ್ತು ಕೆಲಸ ಮಾಡುವ ಹಾಗಿಲ್ಲ. ಹಲಗೆಯ ಅಂಚಿನಲ್ಲಿ ಅವನನ್ನು ಅಡ್ಡ ಮಲಗಿಸಬೇಕು.

ಆಟಗಳನ್ನು ಅಚ್ಚು ಹಾಕಿಸಿ ಮಾರುವ ಒಂದು ಕಂಪನಿಯವರು, ಅವಳು ಬರೆದು ಕಳಿಸಿದ ನಿಯಮಗಳನ್ನು ಓದಿ ನಮ್ಮನ್ನು ಕರೆಸಿದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಂಟಿನ ವಾಸನೆಯ ಕೋಣೆಯಲ್ಲಿ ಡಬ್ಬಿಗಳ ರಾಶಿಯ ನಡುವೆ ಯಜಮಾನರು ಕೂತಿದ್ದರು. ಹಲಗೆ ಬಿಚ್ಚಿದ ಕೂಡಲೇ ಅವರ ಮುಖ ಅರಳಿತು. ಕರಾರು ಪತ್ರ ಟೈಪಾಗಿ ಮೇಜಿನ ಮೇಲೇ ಇತ್ತು. ಡಬ್ಬಿಯ ಮೇಲೆ ನಮ್ಮಿಬ್ಬರ ಹೆಸರು, ಊರೂರಿನ ಅಂಗಡಿಗಳಲ್ಲಿ ನಮ್ಮ ಆಟ. ತಂಗಿಯ ಮಗಳು ಆ ಪತ್ರವನ್ನು ಮೂರು ಸಲ ಓದಿದಳು.

"ಒಂದೇ ಒಂದು ಸಣ್ಣ ಬದಲಾವಣೆ," ಎಂದರು ಯಜಮಾನರು. "ಈ ಮಲಗಿಸೋದು ತೆಗೆದುಬಿಡೋಣ. ಆಳು ಸುಮ್ನೆ ಬಿದ್ದಿರೋದನ್ನ ನೋಡೋಕೆ ಯಾರಿಗೂ ಇಷ್ಟ ಆಗಲ್ಲಮ್ಮ."

"ಗೊತ್ತು ಸಾರ್. ಅಂಥವರ ಹತ್ರಾನೇ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದೀನಿ."

ಮೇಜಿನ ಕೆಳಗೆ ಹುಡುಗಿ ನನ್ನ ಕಾಲು ತುಳಿದಳು. ಯಜಮಾನರು ನಕ್ಕರು. "ವೇಗದ ಆಟದಲ್ಲಿ ಸೋಲ್ತೀನಿ ಅಂತ ಭಯಾನಾ? ಆ ನಿಯಮ ಬಿಟ್ಟು ಒಂದಾಟ ಆಡೋಣ, ನೋಡೇಬಿಡೋಣ."

ಭಯವಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಮೂವರೂ ಕೂತೆವು. ಪ್ರತಿ ಸುತ್ತಿನಲ್ಲೂ ಗಣಿಯ ಜಾಗಗಳನ್ನೆಲ್ಲ ನಾನೇ ಹಿಡಿದೆ. ಕಲ್ಲು ಹೊತ್ತು ಬಂದವನನ್ನು ಬಂದ ಕಾಲಲ್ಲೇ ಮತ್ತೆ ಅಟ್ಟಿದೆ. ಯಾರನ್ನು ಮೊದಲು ಕಳಿಸಬೇಕು, ಉಸಿರಾಡಲೂ ಬಿಡದ ಹಾಗೆ ಹೇಗೆ ದುಡಿಸಬೇಕು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಐದನೇ ಸುತ್ತಿನಲ್ಲಿ ಒಂದು ಆಳನ್ನು ಎತ್ತಿಕೊಳ್ಳುತ್ತಾ, "ಏಳು ಏಳು, ಕೂತಿದ್ದು ಸಾಕು!" ಎಂದೆ, ಗಟ್ಟಿಯಾಗಿಯೇ. ಆ ಮಾತು ನನ್ನದಲ್ಲ. ನಮ್ಮ ಹಳೇ ಕಂಟ್ರಾಕ್ಟರನದು. ಒಂದು ಲೋಟ ನೀರು ಕುಡಿಯಲು ಗೋಡೆಗೊರಗಿ ಕೂತಾಗಲೆಲ್ಲ ಅವನು ನನಗೆ ಹಾಗೆನ್ನುತ್ತಿದ್ದ, ಅದೇ ರಾಗದಲ್ಲಿ.

ಆರನೇ ಸುತ್ತಿಗೆ ನನ್ನ ಕಾಲುವೆ ಊರು ಮುಟ್ಟಿತು. ಯಜಮಾನರ ಸ್ನಾನಗೃಹಕ್ಕೆ ಇನ್ನೂ ಚಾವಣಿಯೇ ಆಗಿರಲಿಲ್ಲ.

"ಅಬ್ಬಬ್ಬಾ!" ಯಜಮಾನರು ಚಪ್ಪಾಳೆ ತಟ್ಟಿದರು. "ಇಷ್ಟು ಚೆನ್ನಾಗಿ ಆಡೋರಿಗೆ ಆ ನಿಯಮ ಯಾಕ್ರೀ?"

ಗೆದ್ದದ್ದಕ್ಕೆ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಎದ್ದು ನಿಂತು ಕಡ್ಡಿ ಮುರಿದ ಹಾಗೆ ಹೇಳಿದೆ: "ಕಲ್ಲು ಹೊತ್ತವನು ಮಲಗಲೇಬೇಕು ಸಾರ್. ಇಲ್ಲಾಂದ್ರೆ ಆಟ ಕೊಡಲ್ಲ."

"ಬೇರೆ ಯಾರು ತಗೋತಾರೆ ಇದನ್ನ?"

"ಯಾರೂ ತಗೋಬೇಡಿ. ನಮ್ಮನೆ ಅಡುಗೆ ಕೋಣೇಲಿ ಕೂತು ನಾವೇ ಆಡ್ಕೋತೀವಿ."

ಡಬ್ಬಿ ಮುಚ್ಚಿ ಹುಡುಗಿಯ ಕೈಗೆ ಕೊಟ್ಟು ಹೊರಟೇಬಿಟ್ಟೆ. ಕಂಬಿ ಹಿಡಿದು ಒಂದು ಮಹಡಿ ಇಳಿಯುವವರೆಗೂ, ಭೇಷ್ ದೊಡ್ಡಮ್ಮ ಎನ್ನುತ್ತಾಳೆಂದು ಕಾದೆ. ತಿರುಗಿ ನೋಡಿದರೆ ಅವಳ ಕಣ್ಣು ತುಂಬಿ ಬಂದಿತ್ತು.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಏನನ್ನ?"

"ಇದರಲ್ಲಿ ಅರ್ಧ ನನ್ನದು. ನೀನು ಎದ್ದೆ, ಅಂದೆ, ಹೊರಟೆ. ನಾನೇನು ನಿನ್ನ ಆರನೇ ಆಳಾ ದೊಡ್ಡಮ್ಮ?"

ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

"ತಪ್ಪಾಯ್ತು ಕಣೇ," ಎಂದೆ. "ನಿನಗೆ ಬೇಕು ಅನ್ಸಿದ್ರೆ ಹೋಗಿ ಸಹಿ ಹಾಕು. ಅವರು ಹೇಳಿದ ಹಾಗೇ ಆಗ್ಲಿ. ನಾನು ಅಡ್ಡ ಬರಲ್ಲ, ಆಮೇಲೆ ಒಂದು ಮಾತೂ ಆಡಲ್ಲ."

ಮನಸ್ಸಿನಿಂದಲೇ ಹೇಳಿದೆ. ಅವಳು ಮುಖ ಒರೆಸಿಕೊಂಡು, ಡಬ್ಬಿಯನ್ನು ನನ್ನ ಕೈಗಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಓಡಿದಳು. ಬಾಗಿಲು ತೆರೆದ ಸದ್ದಾಯಿತು.

"ಬನ್ನಿ ಬನ್ನಿ, ನಿಮಗಾದ್ರೂ ಬುದ್ಧಿ ಇದೆ," ಎಂಬ ಯಜಮಾನರ ದನಿ ಕೆಳಗಿನವರೆಗೂ ಕೇಳಿಸಿತು. ನಾನು ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತೆ.

"ಸಾರ್, ಆಗ ಬೇಡ ಅಂದಿದ್ದು ನಮ್ಮ ದೊಡ್ಡಮ್ಮ," ಎಂದಳು ಅವಳು, ಕಟ್ಟಡಕ್ಕೆಲ್ಲ ಕೇಳುವ ಹಾಗೆ. "ಈಗ ನಾನು ಹೇಳೋಕೆ ಬಂದೆ. ನನಗೂ ಬೇಡ."