ಕಪ್ಪು ಬಟ್ಟೆಯೊಳಗೆ ಬಂದ ಮಾತು

ಸಾಗರದಲ್ಲಿ ಸ್ಟುಡಿಯೋ ಇಟ್ಟಿದ್ದ ವಾಸಪ್ಪನನ್ನು ಅಂದು ಹೆದರಿಸಿದ್ದು ಅವನದೇ ನಾಲಗೆ. ಎಂಬತ್ತಮೂರರ ಬೇಸಿಗೆ. ಜೋಗದ ಕೂಲಿಗಳ ಲೈನ್ ಮನೆಗಳಿಂದ ಮುದುಕಿಯೊಬ್ಬಳು ಫೋಟೋ ತೆಗೆಸಲು ಬಂದಿದ್ದಳು. ಒಂದೇ ಸಮನೆ ಮುಖ ಆಡಿಸುತ್ತಿದ್ದಳು. ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದ ವಾಸಪ್ಪ, "ಅಸೈಯಾದೆ" ಅಂದುಬಿಟ್ಟ.

ಅಲುಗಾಡಬೇಡ ಎಂಬ ತಮಿಳು ಮಾತು. ಅವನಿಗೆ ತಮಿಳು ಗೊತ್ತಿರಲಿಲ್ಲ. ಮೇಗರವಳ್ಳಿಯ ಗಿರಿಯಪ್ಪಗೌಡರ ಒಬ್ಬನೇ ಮಗ ಅವನು. ಆದರೂ ಎಳವೆಯಲ್ಲಿ ಯಾರೋ ತಲೆಗೆ ಬಿಸಿನೀರು ಹುಯ್ಯುತ್ತ ಹೀಗೆಯೇ ಅನ್ನುತ್ತಿದ್ದಂತೆ ನೆನಪಾಯಿತು. ಬಟ್ಟೆಯಿಂದ ಹೊರಬರಲು ಧೈರ್ಯ ಸಾಲಲಿಲ್ಲ.

ಕೊನೆಗೆ ತಲೆ ಎತ್ತಿದಾಗ ಮುದುಕಿ ಅವನನ್ನೇ ದಿಟ್ಟಿಸುತ್ತಿದ್ದಳು.

"ನಮ್ಮ ಲೈನಲ್ಲಿದ್ದ ಪಳನಿಗೂ ಹಿಂಗೇ ಹುಬ್ಬು. ಡ್ಯಾಮ್ ಕಟ್ಟೋ ಕೆಲ್ಸದಲ್ಲಿ ಸತ್ತ, ಇಪ್ಪತ್ತು ವರ್ಷದ ಮೇಲಾಯ್ತು. ಅವ್ನ ಹೆಂಡ್ತಿ ಮಾರಿ ಅಂತ, ಅವ್ಳು ಜ್ವರ ಬಂದು ಆಸ್ಪತ್ರೆ ಸೇರಿದ್ಲು. ವಾಪಸ್ ಬಂದ್ರೆ ಮಗು ಇಲ್ಲ. ಇನ್ನೂ ಲೈನಲ್ಲೇ ಅವ್ಳೆ."

"ನಾನು ಗೌಡ್ರ ಮನೆಯವ್ನು" ಎಂದ ವಾಸಪ್ಪ.

ಅವಳು ಹೋದದ್ದೇ ಬಾಗಿಲಿಗೆ ಬೀಗ ಹಾಕಿ ತೀರ್ಥಹಳ್ಳಿಯ ಬಸ್ಸು ಹತ್ತಿದ. ಯಾರಾದರೂ ಮಾತಾಡಿಸಿದರೆ ಮತ್ತೆ ಆ ಭಾಷೆಯೇ ಬಾಯಿಗೆ ಬಂದೀತೆಂದು ಹೊಸನಗರ ದಾಟಿದರೂ ತುಟಿ ಬಿಗಿದೇ ಕುಳಿತಿದ್ದ.

ಮೇಗರವಳ್ಳಿಯ ಮನೆಯಲ್ಲಿ ಅವನ ಅವ್ವ ಹೂವಮ್ಮ ಜಗಲಿಯ ಮೇಲೆ ಹಲಸಿನ ತೊಳೆ ಬಿಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಇವನೊಬ್ಬನೇ. ಅವನ ಬಾಯಲ್ಲಿ ಮಾರಿ ಎಂಬ ಹೆಸರು ಕೇಳುತ್ತಲೇ ಕೈ ನಿಂತಿತು.

"ಬಂದ್ಲಾ?"

"ಯಾರವ್ವ ಅವ್ಳು?"

"ನಿನ್ನ ಹೆತ್ತೋಳು. ನಿಮ್ಮಪ್ಪಯ್ಯ ಡ್ಯಾಮಿನ ಕಡೆ ಮರದ ಕೆಲ್ಸಕ್ಕೆ ಹೋದಾಗ ನೀನು ಲೈನಲ್ಲಿ ಒಬ್ನೇ ಅಳ್ತಿದ್ಯಂತೆ. ತಾಯಿ ಉಳಿಯಲ್ಲ ಅಂದ್ರಂತೆ, ಎತ್ಕೊಂಡು ಬಂದ್ರು. ಆಮೇಲೆ ಅವ್ಳು ಬದುಕಿದ್ದು ಗೊತ್ತಾತು. ಅಷ್ಟರಲ್ಲಿ ನೀನು ನನ್ನ ಅವ್ವ ಅಂತಿದ್ದೆ. ಬಾಯಿ ಮುಚ್ಕೊಂಡೆ. ಇವತ್ತಿಗೂ ಬಸ್ಸು ನಿಂತ್ರೆ ಎದೆ ಧಸಕ್ ಅಂತದೆ ಮಗ."

ಅವನಿಗೆ ಸಿಟ್ಟು ಬರಲಿಲ್ಲ. ಕಾಲಡಿಯ ನೆಲ ಬೇರೆಯವರದೆನಿಸಿತು.

"ಜೋಗಕ್ಕೆ ಹೋಗ್ತೀನಿ."

"ವಾಪಸ್ ಬರ್ತೀಯನಾ?"

ಹೂವಮ್ಮ ಕೈಗಂಟಿದ ಮೇಣ ಒರೆಸಿಕೊಂಡು, "ನಾನೂ ಬರ್ತೀನಿ" ಎಂದಳು.

ಲೈನಿನ ತಗಡಿನ ಬಾಗಿಲು ಬಡಿದವಳು ಹೂವಮ್ಮನೇ. ಹೊರಬಂದ ನರೆಗೂದಲಿನ ಹೆಂಗಸು ವಾಸಪ್ಪನ ಮುಖ ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿನ್ನ ಮಗನ್ನ ನಾನೇ ಇಟ್ಕೊಂಡೆ" ಎಂದಳು ಹೂವಮ್ಮ. "ಇವ್ನಿಗೇನೂ ಗೊತ್ತಿರ್ಲಿಲ್ಲ."

ಮಾರಿ ಚೌಕಟ್ಟು ಬಿಟ್ಟು ಅವಳೆದುರಿಗೆ ಬಂದಳು. ಹೊಡೆದಾಳೆಂದು ವಾಸಪ್ಪ ನಡುವೆ ಬಂದ.

"ಏನು ತಿನ್ಸಿದೆ?" ಎಂದು ಕೇಳಿದಳು ಮಾರಿ. "ಅವರಪ್ಪನಿಗಿಂತ ಎತ್ತರ ಬೆಳೆದವ್ನೆ."

ಒಳಗೆ ಹೋಗಿ ಚಾಪೆ ಹಾಸಿದಳು. ವಾಸಪ್ಪ ಬಗ್ಗಿ ಬಾಗಿಲು ದಾಟಿದ. ಹಿಂದಿನಿಂದ ಹೂವಮ್ಮ ಅವನ ಅಂಗಿಯ ತುದಿ ಹಿಡಿದಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ.