ಹೆಸರು ಬದಲಿಸಿದ ಊರು

"ಲೇ ದೀಪಿ, ನಿಮ್ಮತ್ತೆ ನೋಡಕ್ ಬಂದಿದ್ದ ಗಂಡು ನಿನ್ ಕತೆ ಓದ್ಬುಟ್ಟವ್ನಂತೆ ಕಣೇ. ಅವ್ರವ್ವನ್ನೂ ಕೂರಿಸ್ಕಂಡು ಓದಿ ಯೋಳವ್ನಂತೆ."

ಕಾಲೇಜಿನ ಗೆಳತಿ ಚಂದನ ಇದನ್ನು ಹೇಳಿದಾಗ ದೀಪಿಕ ಮಳವಳ್ಳಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ತನ್ನ ಧಾರಾವಾಹಿಯ ಹತ್ತೊಂಬತ್ತನೇ ಕಂತು ಟೈಪ್ ಮಾಡುತ್ತಿದ್ದಳು. ಹೆಬ್ಬೆರಳು ಅಲ್ಲೇ ನಿಂತಿತು. ಫೋನಿನ ಮೇಲೆ 'ಸುಮ ಹಿಂದಿರುಗಿ' ಎಂಬಷ್ಟೇ ಇತ್ತು.

ಸುದ್ದಿ ಕೊಟ್ಟದ್ದು ಚಂದನಳ ದೊಡ್ಡಮ್ಮನ ಮಗಳು ಅರ್ಪಿತ. ಅವಳನ್ನು ಕೊಕ್ಕರೆ ಬೆಳ್ಳೂರಿಗೆ ಕೊಟ್ಟಿದ್ದರು. ಗಂಡಿನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗಂಡಿನ ತಾಯಿ ಪಟ್ಟಲಮ್ಮ ಹದಿನೆಂಟನೇ ಕಂತು ಕೇಳಿಸಿಕೊಂಡು ಎದ್ದುಹೋದಳಂತೆ. ಸ್ವಲ್ಪ ಹೊತ್ತು ಕೊಟ್ಟಿಗೆಯಲ್ಲಿ ಕೂತಿದ್ದು ಬಂದು, ಇದನ್ನು ಬರೆದವಳು ಆ ಹೆಣ್ಣಿಗೆ ಏನಾಗಬೇಕು ಎಂದು ಕೇಳಿದಳಂತೆ.

"ಊರ್ ಹೆಸ್ರು ಬದ್ಲಾಯಿಸಿದ್ದೀನಲ್ಲೇ. ಹೊಸಳ್ಳಿ ಅಂತ ಹಾಕಿದ್ದೀನಿ," ಅಂದಳು ದೀಪಿಕ.

"ಹಕ್ಕಿ ಬದ್ಲಾಯಿಸಿದ್ಯಾ?"

ಬದಲಾಯಿಸಿರಲಿಲ್ಲ. ಅವಳ ಹೊಸಳ್ಳಿಯಲ್ಲಿ ಗಂಡಿನ ಮನೆಯ ಅಂಗಳದ ಹುಣಸೆಮರದ ತುಂಬ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದವು. ಮನೆಯ ಅಂಗಳದಲ್ಲಿ ಹೆಜ್ಜಾರ್ಲೆ ಕೂರುವ ಊರು ಯಾವುದು ಎಂದು ಆ ಕಡೆಯ ಎಳೆಮಕ್ಕಳನ್ನು ಕೇಳಿದರೂ ಹೇಳುತ್ತಿದ್ದವು.

ದೀಪಿಕ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಬರೆಯುವುದೆಲ್ಲ ಫೋನಿನಲ್ಲಿ. ಪೂರಿಗಾಲಿಯಿಂದ ಮಳವಳ್ಳಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಕತೆಗೆ. ಒತ್ತಕ್ಷರ ಜಾಸ್ತಿ ಇರುವ ಮಾತುಗಳನ್ನು ರಸ್ತೆ ಚೆನ್ನಾಗಿರುವ ಕಡೆಗೆ ಉಳಿಸಿಕೊಳ್ಳುತ್ತಿದ್ದಳು. ಬಸ್ಸು ತುಂಬಿ ಕಂಕುಳಲ್ಲಿ ಯಾರದೋ ಚೀಲ ಸಿಕ್ಕಿಕೊಂಡ ದಿನ ಅವಳ ಪಾತ್ರಗಳು ಜಗಳವಾಡುತ್ತಿದ್ದವು. ಕಿಟಕಿಯ ಸೀಟು ಸಿಕ್ಕ ದಿನ ಪ್ರೀತಿ ಮಾಡುತ್ತಿದ್ದವು. ಕತೆಗಳ ಆ್ಯಪಿಗೆ ವಾರಕ್ಕೆ ಎರಡು ಕಂತು ಹಾಕಬೇಕು. ತಪ್ಪಿದರೆ ಓದುವವರು ಊಟ ಹಾಕದ ಸೊಸೆಯನ್ನು ಬೈದಂತೆ ಬೈಯುತ್ತಿದ್ದರು.

ಅವಳಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದರು. ಕಾಲೇಜಿನಲ್ಲಿ ಕನ್ನಡ ಕಲಿಸುವ ಕೃಷ್ಣಪ್ರಸಾದ್ ಮೇಷ್ಟ್ರು, ಅರಮನೆ, ಕಾರು, ಶ್ರೀಮಂತರ ಮಗ ಎಲ್ಲ ಬಿಟ್ಟು ಕಂಡದ್ದನ್ನು ಬರಿ, ನಿನ್ನ ಮನೆಯಿಂದಲೇ ಶುರು ಮಾಡು ಎಂದಿದ್ದರು. ಅದೇ ಆ್ಯಪಿನಲ್ಲಿ ಬರೆಯುವ ಮಂಡ್ಯದ ಸ್ಪಂದನಾ, ಕಂತು ಮುಗಿಸುವಾಗ ಓದುವವರ ಎದೆಗೆ ಒಂದು ಗುದ್ದು ಕೊಡಬೇಕು ಎಂದಿದ್ದಳು. ದೀಪಿಕ ಇಬ್ಬರ ಮಾತನ್ನೂ ಒಟ್ಟಿಗೆ ಕೇಳಿದಳು. ಮನೆಯಿಂದ ವೀಣತ್ತೆಯನ್ನು ತೆಗೆದುಕೊಂಡಳು; ಗುದ್ದನ್ನು ತಾನೇ ಸೇರಿಸಿದಳು.

ವೀಣ ದೀಪಿಕಳ ಅಪ್ಪನ ತಂಗಿ. ಊರಿನ ಹಾಲಿನ ಡೈರಿಯಲ್ಲಿ ಹಾಲಿನ ಕೊಬ್ಬಿನಂಶ ಅಳೆದು ಫ್ಯಾಟು ಹೇಳುವ ಕೆಲಸ. ವಯಸ್ಸು ಮೂವತ್ತು ದಾಟಿತ್ತು. ಬಂದು ಹೋದ ಗಂಡುಗಳಲ್ಲಿ ಅವಳು ಹೂಂ ಅಂದದ್ದು ಬೆಳ್ಳೂರಿನ ಶಶಿಧರನೊಬ್ಬನಿಗೇ. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟ್ರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು ಹೆಣ್ಣು ನೋಡಲು ಬಂದಾಗ, ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೀರಾ ಎಂದು ಅವಳನ್ನೇ ಕೇಳಿದ್ದ. ಉಳಿದದ್ದು ಮನೆ ನೋಡುವ ಶಾಸ್ತ್ರ. ಬರುವ ಭಾನುವಾರ ಹೆಣ್ಣಿನ ಕಡೆಯ ಗಂಡಸರು ಬೆಳ್ಳೂರಿಗೆ ಹೋಗಿ ಮನೆ, ಗದ್ದೆ, ದನಕರು ನೋಡಿ ಊಟ ಮಾಡಿ ಬರಬೇಕು. ಅವರು ಬಂದು ಪರವಾಗಿಲ್ಲ ಅಂದರೆ ಮಾತು ಗಟ್ಟಿ. ಹೆಣ್ಣು ಹೋಗುವ ಪದ್ಧತಿಯಿಲ್ಲ. ಊಟಕ್ಕೆ ಕೂತಾಗ ವೀಣ, ನಾನೂ ಬತ್ತೀನಿ ಎಂದು ಒಂದೇ ಸಲ ಹೇಳಿದ್ದಳು. ಎಲ್ಲರೂ ನಕ್ಕರು. ಅವಳೂ ನಕ್ಕು ಸಾರು ಬಡಿಸಿದಳು.

ದೀಪಿಕ ಆ ಮಾತನ್ನು ಹಿಡಿದುಕೊಂಡಳು. ಕತೆಯ ಸುಮಳೂ ಡೈರಿಯವಳೇ. ಅವಳು ಹಟ ಹಿಡಿದು ಮನೆ ನೋಡಲು ತಾನೇ ಹೋಗುತ್ತಾಳೆ. ಅಂಗಳದ ತುಂಬ ಹಕ್ಕಿಗಳ ಹೇಲು, ಕೊಳೆತ ಮೀನು, ಮೂಗು ಬಿಡಲಾಗದ ವಾಸನೆ. ಅತ್ತೆಯಾಗುವವಳು ಬಾಗಿಲಲ್ಲೇ ಕೈಗೆ ಪೊರಕೆ ಕೊಡುತ್ತಾಳೆ. ಸುಮ ಅದನ್ನು ಅವಳ ಕಾಲಬುಡಕ್ಕೆ ಎಸೆದು, ಅಳುತ್ತ ಬಸ್ಸು ಹತ್ತುತ್ತಾಳೆ. ಗುದ್ದು ಚೆನ್ನಾಗಿಯೇ ಬಿದ್ದಿತ್ತು. ಅಷ್ಟೊಂದು ಜನ ಅವಳ ಹಿಂದಿನ ಯಾವ ಕಂತನ್ನೂ ಓದಿರಲಿಲ್ಲ.

"ಮೊದ್ಲು ಡಿಲೀಟ್ ಮಾಡು," ಅಂದಳು ಚಂದನ.

ದೀಪಿಕ ಸ್ಪಂದನಾಗೆ ಮೆಸೇಜು ಹಾಕಿದಳು. ಉತ್ತರ ಕೂಡಲೇ ಬಂತು. ತೆಗೆಯಬೇಡ, ಜಗಳವಾದರೇ ಜನ ಓದುವುದು, ಮುಂದಿನ ಕಂತಿನಲ್ಲಿ ಆ ಅತ್ತೆಗೆ ಲಕ್ವ ಹೊಡೆಸು ಎಂದಿತ್ತು. ದೀಪಿಕ ಫೋನು ಜೇಬಿಗಿಟ್ಟು ಮಂಡ್ಯ ಬಸ್ಸು ನಿಲ್ಲುವ ಕಡೆಗೆ ಓಡಿದಳು. ಮನೆಗೆ ಹೊರಟಿದ್ದ ಕೃಷ್ಣಪ್ರಸಾದ್ ಮೇಷ್ಟ್ರು ಆಗಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದರು. ಅವಳು ಕೆಳಗೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನೀವೇ ತಾನೆ ಸರ್ ಕಂಡದ್ದನ್ನ ಬರಿ ಅಂದಿದ್ದು ಎಂದೂ ಸೇರಿಸಿದಳು.

"ಆ ಊರು ಕಂಡಿದ್ದೀಯೇನಮ್ಮ?"

"ಇಲ್ಲ ಸರ್. ವಿಡಿಯೋ ನೋಡಿದ್ದೆ."

"ವಿಡಿಯೋದಲ್ಲಿ ವಾಸನೆ ಬಂತೇ?"

ಪಕ್ಕದ ಸೀಟಿನ ಮುದುಕ ನಕ್ಕುಬಿಟ್ಟ. ಮೇಷ್ಟ್ರು ನಗಲಿಲ್ಲ. ಕತೆಯನ್ನು ಇವತ್ತು ಅಳಿಸಿದರೂ ಓದಿದವರ ತಲೆಯಿಂದ ಅಳಿಸುವುದಕ್ಕೆ ಬರುವುದಿಲ್ಲ, ನಿಮ್ಮ ಅತ್ತೆಗೆ ಬೇರೆ ಯಾರೋ ಹೇಳುವುದಕ್ಕೆ ಮೊದಲು ನೀನು ಹೋಗಿ ಹೇಳು ಎಂದರು. ಬಸ್ಸು ಹೊರಟಿತು.

ಅವಳು ಪೂರಿಗಾಲಿಯಲ್ಲಿ ಇಳಿದಾಗ ಡೈರಿಯಲ್ಲಿ ಸಂಜೆಯ ಹಾಲು ಹಾಕುವ ಸಾಲು ಕರಗುತ್ತಿತ್ತು. ವೀಣ ತಲೆಯೆತ್ತದೆ ಒಬ್ಬೊಬ್ಬರ ಹಾಲನ್ನೂ ಮಿಷನ್ನಿಗೆ ಹಿಡಿದು ಫ್ಯಾಟು ಕೂಗುತ್ತಿದ್ದಳು. ದೀಪಿಕ ಬಾಗಿಲಲ್ಲೇ ನಿಂತಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಕೊನೆಯವಳು ಕ್ಯಾನು ಎತ್ತಿಕೊಂಡು ಹೋಗುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

"ಅತ್ತೆ, ನಾನೊಂದು..."

"ಓದ್ದೆ," ಅಂದಳು ವೀಣ.

ಮಧ್ಯಾಹ್ನ ಶಶಿಧರನೇ ಕತೆಯನ್ನು ಅವಳ ಫೋನಿಗೆ ಕಳಿಸಿದ್ದನಂತೆ. ಆಮೇಲೆ ಫೋನೂ ಮಾಡಿದ್ದ. ವೀಣ ಬಕೆಟ್ಟಿನ ನೀರಿನಲ್ಲಿ ಅಳತೆಯ ಲೋಟಗಳನ್ನು ಅದ್ದಿ ಅದ್ದಿ ತೆಗೆಯುತ್ತ, ಅವನು ಹೇಳಿದ್ದನ್ನು ಹೇಳಿದಳು. ಪಟ್ಟಲಮ್ಮನನ್ನು ಕತೆಯ ಪೊರಕೆಗಿಂತ ಹಕ್ಕಿಯ ಮಾತೇ ಹೆಚ್ಚು ನೋಯಿಸಿತ್ತು. ಬೆಳ್ಳೂರಿನವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಮರಿ ಹಾರುವ ತನಕ ಮರದ ಕೊಂಬೆ ಕಡಿಯುವುದಿಲ್ಲ, ಅಂಗಳದಲ್ಲಿ ಪಟಾಕಿ ಹಚ್ಚುವುದಿಲ್ಲ. ಅವುಗಳನ್ನು ಗಲೀಜು ಅನ್ನುವವಳು ತನ್ನ ಮನೆಗೆ ಬಾಳಾಟಕ್ಕೆ ಬರುವುದು ಬೇಡ ಎಂದಿದ್ದಳು ಆಕೆ. ಮಗ ಬಿಡಲಿಲ್ಲ. ಕೊನೆಗೆ, ಗಂಡಸರು ಬಂದು ಗದ್ದೆ ನೋಡಿ ಉಂಡು ಹೋದರೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ, ಭಾನುವಾರದ್ದು ನಿಲ್ಲಲಿ, ಬೇಕಾದರೆ ಆ ಹೆಣ್ಣೇ ಬಂದು ನೋಡಲಿ ಎಂದಳಂತೆ.

"ನೀನೇ ಯೋಳಿ ಬರ್ಸಿದ್ದೀಯ ಅಂದ್ಕಂಡವ್ರಾ?" ದೀಪಿಕ ಕೇಳಿದಳು.

"ಹೂಂ. ಅಂಗೇ ಅಂದ್ಕಂಡವ್ರೆ."

"ಅಲ್ಲ ಅನ್ಬೇಕಾಗಿತ್ತು ಅತ್ತೆ. ನಾ ಯೋಳ್ತೀನಿ, ನಂಬರ್ ಕೊಡು."

"ಬ್ಯಾಡ." ವೀಣ ಲೋಟಗಳನ್ನು ಬೋರಲು ಹಾಕಿದಳು. "ಅಲ್ಲ ಅಂದ್ರೆ ಭಾನ್ವಾರ ಈ ಗಂಡಸ್ರೇ ಓಯ್ತಾರೆ. ನಾನು ಮದ್ವೆ ಆದ್ಮೇಲೇ ಆ ಮನೆ ನೋಡದು."

ವೀಣ ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ ಬಂದಳು.

"ಆ ಸುಮ ಪೊರ್ಕೆ ಎಸ್ದು ಅತ್ಕಂಡ್ ಬತ್ತಾಳಲ್ಲ, ಅದ್ಯಾಕ್ಲೆ ಅಂಗ್ ಬರ್ದೆ? ಆಸೆಪಟ್ಟು ನೋಡಕ್ ಓಗಿದ್ದೋಳು ಒಳ್ಗೂ ಓಗ್ದಲೆ ಬತ್ತಾಳಾ?"

ಆಗ ಶಿವರಾಮು ಹಾಲಿನ ಕ್ಯಾನು ಹಿಡಿದು ಬಂದ. ದೀಪಿಕಳ ಅಪ್ಪ ಯಾವಾಗಲೂ ಎಲ್ಲರದ್ದೂ ಮುಗಿದ ಮೇಲೆ ಹಾಲು ಹಾಕುತ್ತಿದ್ದ. ತಂಗಿ ಕೂತಿರುವ ಕಡೆ ಸಾಲಿನಲ್ಲಿ ಮುಂದೆ ನಿಂತರೆ ಜನ ಆಡಿಕೊಳ್ಳುತ್ತಾರೆ ಎಂದು. ಅವನ ಮುಖ ಬಾಡಿತ್ತು. ಈ ಸಂಬಂಧದ ಮಾತು ತಂದಿದ್ದ ಮರಿಸಿದ್ದಯ್ಯ ಫೋನು ಮಾಡಿ, ಭಾನುವಾರ ಬರುವುದು ಬೇಡವಂತೆ ಎಂದಷ್ಟೇ ಹೇಳಿದ್ದ. ಕಾರಣ ಹೇಳಿರಲಿಲ್ಲ. ಈ ಗಂಡೂ ಕೈಬಿಟ್ಟುಹೋಯಿತು ಎಂದು ಶಿವರಾಮು ದಾರಿಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದ.

ವೀಣ ಅವನ ಹಾಲನ್ನು ಮಿಷನ್ನಿಗೆ ಹಿಡಿದು ಫ್ಯಾಟು ಹೇಳಿದಳು. ಆಮೇಲೆ ಕತೆಯ ಸಂಗತಿ ಹೇಳಿದಳು. ಶಿವರಾಮು ಮಗಳ ಕಡೆ ನೋಡಿದ.

"ಕತೆ ಬರುದ್ರೆ ಮದ್ವೆ ನಿಂತೋಯ್ತದಾ?"

"ನಿಂತಿಲ್ಲ ಕಣಣ್ಣ. ನಾಳೆ ನಾನೇ ಓಯ್ತೀನಿ, ನೋಡಕ್ಕೆ. ದೀಪಿ ಬತ್ತಾಳೆ ಜತೇಲಿ."

ಶಿವರಾಮು ಹೊರಗೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಮಾತು ಗಟ್ಟಿಯಾಗದ ಮನೆಗೆ ಹೆಣ್ಣು ತಾನಾಗಿ ಹೋದರೆ ಊರಲ್ಲಿ ಏನಂದಾರು, ಅವ್ವನಿಗೆ ಏನು ಹೇಳುವುದು, ಹೋಗಿ ಒಪ್ಪಿಗೆಯಾಗದಿದ್ದರೆ ನಾಳೆ ಇನ್ನೊಬ್ಬರು ಕೇಳಿಕೊಂಡು ಬರುತ್ತಾರೆಯೇ ಎಂದು ಒಂದೊಂದಾಗಿ ಕೇಳಿದ. ವೀಣ ಯಾವುದಕ್ಕೂ ಎದುರಾಡಲಿಲ್ಲ. ಕೊನೆಗೆ ಅವನು, ಹಾಗಾದರೆ ನಾನೂ ಬರುತ್ತೇನೆ ಎಂದ.

"ನೀನು ಆಮ್ಯಾಕೆ ಬಾ. ಗದ್ದೆ ನೋಡು, ದನ ನೋಡು. ನಾಳೆ ನಾನ್ ನೋಡ್ಕ ಬತ್ತೀನಿ."

ಅವನು ಖಾಲಿ ಕ್ಯಾನು ಎತ್ತಿಕೊಂಡ. ಬಾಗಿಲು ದಾಟಿದವನು ನಿಂತು, ಬೆಳಗಿನ ಮೊದಲ ಬಸ್ಸು ಎರಡು ದಿನದಿಂದ ಬರುತ್ತಿಲ್ಲ, ಮಳವಳ್ಳಿ ತನಕ ಬೈಕಿನಲ್ಲಿ ಬಿಡುತ್ತೇನೆ ಎಂದು ಹೇಳಿ ಹೋದ.

ದೀಪಿಕಳ ಫೋನು ಜೇಬಿನಲ್ಲಿ ಒಂದೇ ಸಮನೆ ಅಲುಗುತ್ತಿತ್ತು. ತೆಗೆದು ನೋಡಿದಳು. ಸುಮ ಏನಾದಳು, ಮುಂದಿನ ಕಂತು ಎಲ್ಲಿ, ಆ ಮನೆಗೆ ಬೆಂಕಿ ಬೀಳಲಿ ಎಂದೆಲ್ಲ ಬರೆದಿದ್ದರು. 'ಸುಮ ಹಿಂದಿರುಗಿ' ಎಂದು ಶುರುವಾಗಿದ್ದ ಕಂತನ್ನು ತೆರೆದಳು. ಹಿಂದಿರುಗಿ ಏನು ಮಾಡಿದಳು ಎಂಬುದಕ್ಕೆ ಬೆಳಿಗ್ಗೆ ಬಸ್ಸಿನಲ್ಲಿ ಮೂರು ದಾರಿ ಹೊಳೆದಿದ್ದವು. ಈಗ ಒಂದನ್ನೂ ಬರೆಯಲು ಮನಸ್ಸಾಗಲಿಲ್ಲ. ಈ ವಾರ ಕಂತು ಇಲ್ಲ ಎಂದು ಹಾಕಿ ಫೋನು ಆಫ್ ಮಾಡಿದಳು.

ವೀಣ ಕೈ ಒರೆಸಿಕೊಂಡು ಶಶಿಧರನಿಗೆ ಫೋನು ಮಾಡಿದಳು. ನಾಳೆ ಹತ್ತು ಗಂಟೆಗೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇವೆ, ಅಲ್ಲಿಗೆ ಬನ್ನಿ ಎಂದಳು. ಅವನು ತಿಂಡಿಯ ವಿಚಾರ ಕೇಳಿರಬೇಕು. ತಿಂದುಕೊಂಡೇ ಬರುತ್ತೇವೆ ಎಂದಳು. ಇನ್ನೇನು ಇಡಬೇಕು, ಅಷ್ಟರಲ್ಲಿ ನಿಲ್ಲಿಸಿದಳು.

"ನಿಮ್ಮವ್ವಂಗೆ ಯೋಳಿ, ನಾ ಬರಗಂಟ ಅಂಗ್ಳ ಗುಡಿಸ್ಬ್ಯಾಡಿ ಅಂತ. ಇದ್ದಂಗೇ ಇರ್ಲಿ."

ಹಾಗೇ ಹೇಳುತ್ತೇನೆ, ಹತ್ತಕ್ಕೆ ಅಲ್ಲಿರುತ್ತೇನೆ ಎಂದ ಅವನು.

"ಹೂಂ. ಹತ್ತಕ್ಕೆ," ಅಂದಳು ವೀಣ.